ಕಳ್ಳ ಕುಬಸದ ವಿಡಿಯೋ

ಬುಧವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಬೀದರ ಜಿಲ್ಲೆಯಲ್ಲಿ ಒಂಬೈನೂರ ನಲವತ್ತು ಫೋನುಗಳು ಸುಟ್ಟುಹೋದವು. ಸುಟ್ಟವಳು ಮಹಾನಂದಾ. ಹುಬ್ಬಳ್ಳಿಯ ಶುದ್ಧಿ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಕೂತು, ಒಂದು ಕೈಯಲ್ಲಿ ಚಹದ ಲೋಟ ಹಿಡಿದುಕೊಂಡೇ ಇನ್ನೊಂದು ಕೈಯ ಹೆಬ್ಬೆರಳನ್ನು ತನ್ನ ಫೋನಿನ ಗಾಜಿನ ಮೇಲೆ ಒತ್ತಿದಳು. ಗೋಡೆಯ ಪರದೆಯ ಮೇಲಿದ್ದ ಕೆಂಪು ಚುಕ್ಕೆಗಳು ಒಂದೊಂದಾಗಿ ಕಪ್ಪಾದವು. ಅವಳು ಚಹ ಕುಡಿದು ಮುಗಿಸಿದಳು.

ಸರ್ಕಾರಿ ಕಾಗದದಲ್ಲಿ ಅದರ ಹೆಸರು ‘ಶುದ್ಧಿ’. ಜನ ಅದನ್ನು ‘ಬರೆ’ ಎಂದು ಕರೆದರು. ಹೆಸರಿಡುವುದರಲ್ಲಿ ಜನ ಯಾವಾಗಲೂ ಸರ್ಕಾರಕ್ಕಿಂತ ಜಾಣರು. ಕಾಯ್ದೆ ಬಂದ ಮೇಲೆ ಮಾರಾಟವಾದ ಪ್ರತಿ ಫೋನಿನಲ್ಲೂ ಬ್ಯಾಟರಿಯ ಪಕ್ಕ ಸಾಸಿವೆ ಕಾಳಿನಷ್ಟು ದೊಡ್ಡ ಚಿಪ್ ಒಂದು ಇರುತ್ತಿತ್ತು. ಹಾಡು, ಸಿನಿಮಾಗಳ ಒಳಗೆ ಕಿವಿಗೆ ಕೇಳಿಸದ ಒಂದು ಗುರುತು. ಹಾಡನ್ನು ಕತ್ತರಿಸಿದರೂ, ಅದರ ಮೇಲೆ ಮಾತು ಸೇರಿಸಿದರೂ, ಸ್ಪೀಕರಿನ ಎದುರು ಇನ್ನೊಂದು ಫೋನಿಟ್ಟು ಮತ್ತೆ ರೆಕಾರ್ಡ್ ಮಾಡಿಕೊಂಡರೂ ಆ ಗುರುತು ಅಳಿಯುತ್ತಿರಲಿಲ್ಲ. ಅನುಮತಿಯಿಲ್ಲದ ಪ್ರತಿ ಒಳಗೆ ಬಂತೆಂದರೆ ಚಿಪ್ಪೇ ಕೇಂದ್ರಕ್ಕೆ ಚಾಡಿ ಹೇಳುತ್ತಿತ್ತು. ಕೇಂದ್ರದಿಂದ ಆಜ್ಞೆ ಬಂದರೆ ಬ್ಯಾಟರಿಯ ಶಕ್ತಿಯನ್ನೆಲ್ಲ ಒಮ್ಮೆಲೇ ಮೆಮೊರಿಗೆ ನುಗ್ಗಿಸುತ್ತಿತ್ತು. ಮೂರೇ ಸೆಕೆಂಡಿನಲ್ಲಿ ಹಾಡು, ಫೋಟೋ, ನಂಬರು ಎಲ್ಲ ಬೂದಿ. ‘ಕೈ ಸ್ವಲ್ಪ ಬಿಸಿಯಾಗುತ್ತದೆ, ಅಷ್ಟೇ’ ಎಂದು ಟಿವಿಯಲ್ಲಿ ನಗುಮುಖದ ಹುಡುಗಿಯೊಬ್ಬಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು.

ಅಷ್ಟೇ ಆಗಿರಲಿಲ್ಲ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಹೋದ ತಿಂಗಳು ಕಲಘಟಗಿಯ ಟ್ರ್ಯಾಕ್ಟರ್ ಚಾಲಕನೊಬ್ಬ ಸುಟ್ಟ ತೊಡೆಗೆ ಪಂಚೆಯ ತುಂಡು ಸುತ್ತಿಕೊಂಡು ಬಂದು, ಕೇಂದ್ರದ ಗೇಟಿನಲ್ಲಿದ್ದ ಕಾವಲುಗಾರನ ತಲೆಗೆ ಕಬ್ಬಿಣದ ರಾಡಿನಿಂದ ಹೊಡೆದಿದ್ದ. ಒಂದೇ ಪೆಟ್ಟು ಅಲ್ಲ, ಪೊಲೀಸರು ಬರುವವರೆಗೂ ಹೊಡೆದ. ಸತ್ತ ಕಾವಲುಗಾರ ಜೀವಮಾನದಲ್ಲಿ ಯಾರ ಫೋನನ್ನೂ ಸುಟ್ಟವನಲ್ಲ. ಅಂದಿನಿಂದ ನೌಕರರೆಲ್ಲ ಜಾಲರಿ ಹೊಡೆದ ವ್ಯಾನಿನಲ್ಲಿ ಬಂದುಹೋಗುತ್ತಿದ್ದರು. ಗೇಟಿನ ಕಲ್ಲಿನ ಮೇಲೆ ಅವನ ರಕ್ತದ ಕಲೆ ಇನ್ನೂ ಇತ್ತು, ವ್ಯಾನಿನೊಳಗೆ ಯಾರೂ ಆ ಕಡೆ ನೋಡುತ್ತಿರಲಿಲ್ಲ.

ಮಹಾನಂದಾ ಈ ಕೆಲಸಕ್ಕೆ ಮನಸ್ಸಿಲ್ಲದೆ ಸೇರಿದವಳಲ್ಲ. ಅವಳ ಅಪ್ಪ ನಾಟಕ ಕಂಪನಿಗಳಿಗೆ ಹಾಡು ಬರೆದು, ರಾಗ ಕೂಡಿಸಿ, ಕ್ಯಾಸೆಟ್ಟಿಗೂ ಹಾಡಿದ ಮನುಷ್ಯ. ಆ ಹಾಡುಗಳು ಮೊಬೈಲ್ ಅಂಗಡಿಯವರ ಕೈಗೆ ಸಿಕ್ಕು, ಮೆಮೊರಿ ಕಾರ್ಡಿನಿಂದ ಮೆಮೊರಿ ಕಾರ್ಡಿಗೆ ಹಾರಿ, ಕೊನೆಗೆ ಬೇರೊಬ್ಬನ ಹೆಸರಿನಲ್ಲಿ ಮೆರೆದವು. ಅಪ್ಪ ಸಾಯುವ ವಾರ ಆಸ್ಪತ್ರೆಯ ಪಕ್ಕದ ಚಹದಂಗಡಿಯಲ್ಲಿ ಅವನದೇ ಹಾಡು ಕೇಳಿಬರುತ್ತಿತ್ತು. ಹಾಡು ಯಾರದು ಎಂದು ಕೇಳಿದರೆ ಅಂಗಡಿಯವನು ಬಾಯಿಗೆ ಬಂದ ಹೆಸರು ಹೇಳಿದ. ಕದಿಯುವುದು ಕದಿಯುವುದೇ, ಕೈಯಿಂದ ಕದ್ದರೂ ಬೆರಳ ತುದಿಯಿಂದ ಕದ್ದರೂ ಎಂದು ಅವಳು ನಂಬಿದ್ದಳು. ನಂಬಿಕೆಯಲ್ಲಿ ತಪ್ಪೇನೂ ಇರಲಿಲ್ಲ.

ತಪ್ಪು ನಡೆದದ್ದು ಪ್ರಯೋಗಾಲಯದಲ್ಲಿ. ಎರಡು ವರ್ಷದ ಹಿಂದೆ ಬರೆಯ ಶಾಖವನ್ನು ಅಳೆಯುವ ಕೆಲಸ ಅವಳ ಪಾಲಿಗೆ ಬಂದಿತ್ತು. ಹಂದಿಯ ಮಾಂಸದ ತುಂಡಿಗೆ ಅಂಗಿಯ ಬಟ್ಟೆ ಸುತ್ತಿ, ಅದರ ಜೇಬಿನಲ್ಲಿ ಫೋನಿಟ್ಟು ಆಜ್ಞೆ ಕೊಡುತ್ತಿದ್ದರು. ಹೊಸ ಫೋನಾದರೆ ಚರ್ಮ ಕೆಂಪಾಗುತ್ತಿತ್ತು, ಮುಗಿಯಿತು. ಆದರೆ ಊರೂರಿನ ಅಂಗಡಿಗಳಲ್ಲಿ ಹಾಕಿಸಿಕೊಂಡ ಲೋಕಲ್ ಬ್ಯಾಟರಿಯಾದರೆ ಅದು ಉಬ್ಬಿ, ಒಡೆದು, ನೀಲಿ ಬೆಂಕಿ ಕಾರಿ ಮಾಂಸದೊಳಗೆ ಎರಡು ಬೆರಳು ಆಳ ಇಳಿಯುತ್ತಿತ್ತು. ಹತ್ತಾರು ಫೋನು ಒಟ್ಟಿಗಿದ್ದರೆ ಒಂದರ ಬೆಂಕಿ ಇನ್ನೊಂದಕ್ಕೆ ಹತ್ತಿ ಕೊಠಡಿಯ ಚಾವಣಿ ಕಪ್ಪಾಗುತ್ತಿತ್ತು. ಅವಳು ಅದನ್ನೆಲ್ಲ ಬರೆದು, ವಿಡಿಯೋ ಸಮೇತ ವರದಿ ಕೊಟ್ಟಳು. ಕೇಂದ್ರದ ಮುಖ್ಯಸ್ಥ ಸವಣೂರ ಒಂದು ಪುಟ ತೆಗೆದುಹಾಕಿ ವಾಪಸು ತಂದರು.

“ಈ ಪುಟ ಇದ್ರ ಕಾಯ್ದೆ ಪಾಸಾಗಂಗಿಲ್ಲ ಮಹಾನಂದಾ. ಲೋಕಲ್ ಬ್ಯಾಟರಿ ಹಾಕ್ಸಿಕೊಳ್ಳೋದು ಅವರ ತಪ್ಪು, ನಮ್ಮದಲ್ಲ. ಸಹಿ ಮಾಡ್ರಿ.”

ಅವಳು ಸಹಿ ಮಾಡಿದಳು. ಅದೇ ಸಂಜೆ ಸವಣೂರರು ಇನ್ನೊಂದು ಮಾತು ಹೇಳಿದರು. ತಪಾಸಣೆಗೆಂದು ಬರೆ ಬೀಳದ ಫೋನುಗಳ ಪಟ್ಟಿಯೊಂದು ಕೇಂದ್ರದಲ್ಲಿತ್ತು. ಅದಕ್ಕೆ ನೌಕರರು ತಮ್ಮ ಮನೆಯವರ ನಂಬರು ಸೇರಿಸಿಕೊಂಡರೆ ಯಾರೂ ಕೇಳುವುದಿಲ್ಲ. ಮಹಾನಂದಾ ತನ್ನದು, ಅವ್ವನದು, ತಂಗಿ ಶಿವಲೀಲಾಳದು ಸೇರಿಸಿದಳು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು ಎನ್ನುವುದನ್ನು ಇಲ್ಲಿ ಹೇಳಲೇಬೇಕು.

ಶಿವಲೀಲಾ ಮದುವೆಯಾಗಿ ಹುಬ್ಬಳ್ಳಿಯಲ್ಲೇ ನಾಲ್ಕು ಓಣಿ ಆಚೆ ಇದ್ದಳು. ಆರು ವರ್ಷದ ಮೇಲೆ ಬಸಿರಾದಾಗ ಅವಳ ಅತ್ತೆ ಚನ್ನಬಸವ್ವ ಕಳ್ಳ ಕುಬಸ ಮಾಡಿದಳು. ಹೊಟ್ಟೆ ಹೊರಗೆ ಕಾಣುವ ಮೊದಲು, ದೃಷ್ಟಿಯಾದೀತೆಂದು ಬಾಗಿಲು ಹಾಕಿಕೊಂಡು, ಮನೆಯ ಹೆಂಗಸರಷ್ಟೇ ಸೇರಿ ಹಸಿರು ಕುಬಸ ತೊಡಿಸುವ ಶಾಸ್ತ್ರ ಅದು. ಶಿವಲೀಲಾಳ ನಾದಿನಿ ಕಸ್ತೂರಿ ವಿಡಿಯೋ ತೆಗೆದಳು. ಮದುವೆಯಾಗಲಿ ನಾಮಕರಣವಾಗಲಿ, ವಿಡಿಯೋ ಎಂದ ಮೇಲೆ ಅದರ ಕೆಳಗೊಂದು ಸಿನಿಮಾ ಹಾಡು ಓಡಲೇಬೇಕು ಎನ್ನುವುದು ನಮ್ಮ ಕಡೆಯ ಕಟ್ಟಳೆ. ಕಸ್ತೂರಿ ಇನ್ನೂ ತೆರೆಗೆ ಬರಬೇಕಿದ್ದ ಸಿನಿಮಾದ ತಾಯಿಯ ಹಾಡೊಂದನ್ನು ಕೂಡಿಸಿ, ಮಹಾನಂದಾಳ ಮುಂದೆ ಹಿಡಿದಳು.

“ಛಲೋ ಆಗೇತಿಲ್ರಿ ಅಕ್ಕಾರ? ಈ ಹಾಡು ಹಾಕಿದ್ದು ನಡಿತೈತೇನ್ರಿ? ನೀವ ಹಾಡಿನ ಪೊಲೀಸ್ರು, ನೀವ ಹೇಳ್ಬೇಕು.”

ಹೆಂಗಸರೆಲ್ಲ ನಕ್ಕರು. ಆ ಹಾಡಿಗೆ ಗುರುತಿದೆ ಎಂದು ಮಹಾನಂದಾಳಿಗೆ ಗೊತ್ತಿತ್ತು. ಬೇಡ ಎಂದಿದ್ದರೆ ಸಾಕಿತ್ತು. ಆದರೆ ಬೀಗರ ಮನೆಯ ಮಂಗಳ ಕಾರ್ಯದಲ್ಲಿ ಅಪಸ್ವರ ಎತ್ತುವುದು ಹೇಗೆ ಎಂದು ಹಿಂಜರಿದಳು. ಒಂದೆರಡು ಕಳ್ಳ ಪ್ರತಿಗೆ ಕೇಂದ್ರ ತಲೆ ಕೆಡಿಸಿಕೊಳ್ಳುವುದಿಲ್ಲ, ಐನೂರು ದಾಟಿದರೆ ಮಾತ್ರ ಆಜ್ಞೆ ಹೊರಡುತ್ತದೆ. ಕಳ್ಳ ಕುಬಸದ ವಿಡಿಯೋ ಮನೆಯ ಹೊಸ್ತಿಲು ದಾಟುವುದಾದರೂ ಎಲ್ಲಿಗೆ?

“ಛಲೋ ಆಗೇತಿ,” ಎಂದಳು.

ಏಳನೆಯ ತಿಂಗಳ ಕುಬಸ ತವರಿನಲ್ಲಿ, ಹಳೇ ಹುಬ್ಬಳ್ಳಿಯ ಮನೆಯಲ್ಲಿ, ಒಂದು ಭಾನುವಾರ. ಪಡಸಾಲೆಯ ತುಂಬ ಹೆಂಗಸರು, ಉಂಡಿ ಚಕ್ಕುಲಿಯ ಬುಟ್ಟಿಗಳು, ಮಲ್ಲಿಗೆ. ಹೊಟ್ಟೆ ಹೊರಗೆ ಕಂಡ ಮೇಲೆ ಇನ್ನು ಮುಚ್ಚಿಡುವುದೇನಿದೆ ಎಂದು ಚನ್ನಬಸವ್ವ ಮೂರು ದಿನದಿಂದ ಆ ಹಳೆಯ ವಿಡಿಯೋವನ್ನು ಸಿಕ್ಕಸಿಕ್ಕವರಿಗೆಲ್ಲ ಕಳಿಸಿದ್ದಳು. ಬಂದವರಿಗೆ ಕಳಿಸಿ ಬರದವರಿಗೆ ಬಿಟ್ಟರೆ ಅವರು ಸಿಟ್ಟಾಗುತ್ತಾರೆಂದು ಬರದವರಿಗೂ ಕಳಿಸಿದಳು. ಅವರು ತಮ್ಮವರಿಗೆ ಕಳಿಸಿದರು. ಮಹಾನಂದಾಳಿಗೆ ಇದು ತಿಳಿದದ್ದು ಅವಳ ಫೋನು ಮಿಡಿದಾಗ.

ಪರದೆಯ ಮೇಲೆ ಆಜ್ಞೆ ಇತ್ತು. ಆ ಹಾಡು. ಆರುನೂರ ಹನ್ನೆರಡು ಫೋನು. ದಟ್ಟಣೆ: ಹಳೇ ಹುಬ್ಬಳ್ಳಿ. ಶಾಖ ಅಧಿಕಾರಿಯ, ಅಂದರೆ ಅವಳ, ಹೆಬ್ಬೆರಳು ಬೇಕಾಗಿದೆ. ಹತ್ತು ನಿಮಿಷದಲ್ಲಿ ಉತ್ತರ ಬರದಿದ್ದರೆ ಆಜ್ಞೆ ಮೇಲಧಿಕಾರಿಗೆ ಹೋಗುತ್ತದೆ. ಅವಳ ಸುತ್ತ ಅರವತ್ತು ಹೆಂಗಸರು ಕೂತಿದ್ದರು, ಕೆಲವರ ಕೈಯಲ್ಲಿ ಅದೇ ವಿಡಿಯೋ ಓಡುತ್ತಿತ್ತು. ಅವಳು ಹಿತ್ತಲಿಗೆ ಓಡಿ ಸವಣೂರರಿಗೆ ಫೋನು ಮಾಡಿದಳು.

“ಸರ್, ಇದನ್ನ ನಾಳಿಗೆ ಹಾಕ್ರಿ. ಇಲ್ಲಿ ಕುಬಸ ನಡದೈತ್ರಿ. ಬಸುರಿ ಅದಾಳ, ಮುದುಕ್ಯಾರು ಅದಾರ.”

“ನಿಮ್ಮ ಮನ್ಯಾಗೇನು? ನಿಮ್ಮವರು ಪಟ್ಟ್ಯಾಗ ಅದಾರಲ್ಲ, ಮತ್ತೇನು? ಸಿನಿಮಾ ಬಂದು ಮೂರು ದಿನ ಆಗಿಲ್ಲ, ಮ್ಯಾಲಿಂದ ಒತ್ತಡ ಐತಿ. ನೀವು ಒತ್ತದಿದ್ರ ನಾ ಒತ್ತತೀನಿ.”

ಏಳು ನಿಮಿಷ ಉಳಿದಿತ್ತು. ಪಡಸಾಲೆಯ ನಡುವೆ ನಿಂತು ‘ಈ ಬರೆ ಹಾಕುವವಳು ನಾನೇ, ಫೋನು ಹೊರಗೆ ಎಸೆಯಿರಿ’ ಎಂದು ಕೂಗಬಹುದಿತ್ತು. ಗೇಟಿನ ಮುಂದಿನ ರಕ್ತ ಅವಳ ಕಣ್ಣ ಮುಂದೆ ಬಂತು. ಹೆದರಿದಳು, ಅದಕ್ಕಿಂತ ಹೆಚ್ಚಾಗಿ ನಾಚಿದಳು. ಖಾಲಿಯಾದ ಚಕ್ಕುಲಿಯ ಬುಟ್ಟಿಯೊಂದನ್ನು ಎತ್ತಿಕೊಂಡು ನಗುತ್ತ ಒಳಗೆ ಬಂದಳು.

“ಆರತಿ ಹೊತ್ತಿಗೆ ಯಾರ ಕೈಯಾಗೂ ಫೋನ್ ಬ್ಯಾಡ್ರಿ. ಕಸ್ತೂರಿ ಒಬ್ಬಾಕೀನ ತಗೀತಾಳ. ಎಲ್ಲಾರೂ ಇದರಾಗ ಹಾಕ್ರಿ, ಆಮ್ಯಾಲ ತಗೊಳ್ಳೂರಂತ.”

ಇದೊಂದು ಹೊಸ ತಮಾಷೆ ಎಂದು ಹೆಂಗಸರು ಖುಷಿಯಿಂದಲೇ ಹಾಕಿದರು. ನಲವತ್ತು ಫೋನಾದವು. ಕಸ್ತೂರಿಯದನ್ನೂ ಕಿತ್ತುಕೊಂಡು ಹಾಕಿ, ಮನೆಯಲ್ಲಿದ್ದ ಹಳೆಯ ಕ್ಯಾಮೆರಾ ಕೊಟ್ಟಳು. ಬುಟ್ಟಿಯನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಉಳಿದವನ್ನು ತರಲು ಅಡಿಗೆಮನೆಗೆ ಹೋದಳು. ಅಲ್ಲಿ ಹೋಳಿಗೆ ಬೇಯಿಸುತ್ತಿದ್ದ ಮುದುಕಿಯೊಬ್ಬಳ ಕುಬಸದೊಳಗೆ ಫೋನಿತ್ತು. ಕೊಡಲು ಅವಳು ಒಪ್ಪಲಿಲ್ಲ, ನಾಚಿಕೆ. ಅವಳನ್ನು ರಮಿಸುವುದರಲ್ಲಿ ಎರಡು ನಿಮಿಷ ಹೋಯಿತು.

ಅಷ್ಟರಲ್ಲಿ ಚನ್ನಬಸವ್ವ ಹಿತ್ತಲಿಗೆ ಕೈ ತೊಳೆಯಲು ಬಂದಳು. ತಾನು ಕರೆದು ತಂದ ಹೆಂಗಸರ ಫೋನುಗಳೆಲ್ಲ ಬಿಸಿಲಿನಲ್ಲಿ, ಗೋಡೆ ಹಾರಿ ಯಾರು ಬೇಕಾದರೂ ಒಯ್ಯುವಂತೆ ಬಿದ್ದಿವೆ. ಬೀಗರ ಮನೆಯಲ್ಲಿ ಒಂದು ಫೋನು ಕಳೆದರೆ ಮರ್ಯಾದೆ ಯಾರದು ಹೋಗಬೇಕು? ಬುಟ್ಟಿಯನ್ನು ಎತ್ತಿ ತಂದು, ಮೇಲೊಂದು ಹಸಿರು ಖಣ ಮುಚ್ಚಿ, ಎಲ್ಲರ ಕಣ್ಣಿಗೆ ಬೀಳುವ ಜಾಗ ಎಂದು ಶಿವಲೀಲಾಳ ಕುರ್ಚಿಯ ಕಾಲಿನ ಬಳಿ ಇಟ್ಟಳು.

ಮುದುಕಿಯ ಫೋನು ಮಹಾನಂದಾಳ ಕೈಗೆ ಬಂದಿತ್ತಷ್ಟೇ, ಕೈ ಚುರ್ರೆಂದಿತು. ಅದನ್ನು ಬಚ್ಚಲಿಗೆ ಎಸೆದಳು. ಪಡಸಾಲೆಯಿಂದ ಮೊದಲು ಒಂದು ಸಣ್ಣ ಢಬ್ ಸದ್ದು, ಆಮೇಲೆ ಲೆಕ್ಕಕ್ಕೆ ಸಿಗದಷ್ಟು. ಓಡಿ ಬಂದಾಗ ಬುಟ್ಟಿಯಿಂದ ನೀಲಿ ಬೆಂಕಿ ಆಳೆತ್ತರ ಎದ್ದಿತ್ತು. ಗಾಜಿನ ಚೂರು, ಕಾದ ಲೋಹ ಎಲ್ಲ ಕಡೆ ಸಿಡಿಯುತ್ತಿತ್ತು. ಒಬ್ಬಳು ಕಣ್ಣು ಹಿಡಿದುಕೊಂಡು ನೆಲದಲ್ಲಿ ಹೊರಳುತ್ತಿದ್ದಳು, ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಬಾಗಿಲಲ್ಲಿ ಒಬ್ಬರನ್ನೊಬ್ಬರು ತುಳಿದುಕೊಂಡು ಹೆಂಗಸರು ಹೊರಗೆ ನುಗ್ಗುತ್ತಿದ್ದರು. ಶಿವಲೀಲಾಳ ಸೀರೆಯ ನೆರಿಗೆಗೆ ಬೆಂಕಿ ಹತ್ತಿತ್ತು. ಏಳು ತಿಂಗಳ ಹೊಟ್ಟೆ ಹೊತ್ತು ಕುರ್ಚಿಯಿಂದ ಏಳಲಾರದೆ ಅವಳು ಕಿರುಚುತ್ತಿದ್ದಳು.

ಚನ್ನಬಸವ್ವ ಯೋಚಿಸಲಿಲ್ಲ. ಎರಡೂ ಕೈಗಳನ್ನು ಬೆಂಕಿಯೊಳಗೆ ತೂರಿಸಿ, ಉರಿಯುವ ಬುಟ್ಟಿಯನ್ನು ಎದೆಗೆ ಅವಚಿಕೊಂಡು ಹಿತ್ತಲ ಬಾಗಿಲಿನವರೆಗೆ ಒಯ್ದು ಹೊರಗೆ ಎಸೆದಳು. ಎಸೆದ ಮೇಲೂ ಎರಡು ಫೋನು ಅವಳ ಅಂಗೈಗೆ ಅಂಟಿಕೊಂಡಿದ್ದವು. ಅವನ್ನು ಗೋಡೆಗೆ ಉಜ್ಜಿ ಕಿತ್ತಳು, ಜೊತೆಗೆ ಚರ್ಮವೂ ಬಂತು. ಕಸ್ತೂರಿ ಜಮಖಾನೆಯನ್ನು ಅತ್ತಿಗೆಯ ಕಾಲಿಗೆ ಸುತ್ತಿ ಬೆಂಕಿ ಆರಿಸಿದಳು. ಮನೆಯ ತುಂಬ ಸುಟ್ಟ ಮಾಂಸದ ವಾಸನೆ. ಆ ವಾಸನೆ ಮಹಾನಂದಾಳಿಗೆ ಪ್ರಯೋಗಾಲಯದಿಂದ ಪರಿಚಯವಿತ್ತು.

ಗದ್ದಲ ತುಸು ಇಳಿದಾಗ ಒಂದು ಹಾಡು ಕೇಳಿಸಿತು. ಶಿವಲೀಲಾಳ ಮಡಿಲಿನಿಂದ ಬಿದ್ದಿದ್ದ ಫೋನಿನಲ್ಲಿ ಕಳ್ಳ ಕುಬಸದ ವಿಡಿಯೋ ಇನ್ನೂ ಓಡುತ್ತಿತ್ತು. ಅವ್ವ ಗಾಬರಿಯಲ್ಲಿ ಸೊಂಟದಿಂದ ತನ್ನ ಫೋನನ್ನೂ ತೆಗೆದು ತಿರುವಿ ನೋಡಿದಳು.

“ನಮ್ಮವಕ್ಕ ಏನೂ ಆಗಿಲ್ಲ ನೋಡ್ರಿ. ನಮ್ಮ ಮಹಾನಂದಾ ಮೊದ್ಲ ಹೇಳಿದ್ಲು, ನಮ್ಮ ಫೋನಿಗೆ ಬರಿ ಬೀಳದಂಗ ಮಾಡೇನಿ ಅಂತ.”

ಸಮಾಧಾನ ಹೇಳುವ ದನಿಯಲ್ಲೇ ಹೇಳಿದಳು, ಪಾಪ. ಕಸ್ತೂರಿ ಜಮಖಾನೆ ಬಿಟ್ಟು ಎದ್ದಳು.

“ಅಕ್ಕಾರ, ನಿಮಗ ಗೊತ್ತಿತ್ತು. ಅದಕ್ಕ ಬುಟ್ಟಿ ತಂದ್ರಿ.”

“ಗೊತ್ತಿತ್ತು,” ಎಂದಳು ಮಹಾನಂದಾ.

ಮೊದಲ ಪೆಟ್ಟು ಕಸ್ತೂರಿಯದು, ಕಪಾಳಕ್ಕೆ. ಎರಡನೆಯದು ಯಾರದೋ ಆರತಿಯ ಹಿತ್ತಾಳೆ ತಟ್ಟೆ, ಹುಬ್ಬಿನ ಮೇಲೆ. ಆಮೇಲೆ ಕೈ ಯಾವುದು ಕಾಲು ಯಾವುದು ತಿಳಿಯಲಿಲ್ಲ. ಕೂದಲು ಹಿಡಿದು ಹಿತ್ತಲಿಗೆ ಎಳೆದರು, ಒಗೆಯುವ ಕಲ್ಲಿಗೆ ಮುಖ ಬಡಿದು ಎರಡು ಹಲ್ಲು ಮುರಿದವು. ಅವಳು ಕೈ ಅಡ್ಡ ಹಿಡಿಯಲಿಲ್ಲ. ಅವ್ವ ಮೇಲೆ ಬಿದ್ದು ಅತ್ತಿದ್ದರಿಂದ ಜೀವ ಉಳಿಯಿತು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರು ಶಿವಲೀಲಾಳ ಮಗು ಉಳಿದಿದೆ ಎಂದರು, ಎಡಗಾಲು ಮೊಣಕಾಲಿನ ಕೆಳಗೆ ವರ್ಷಗಟ್ಟಲೆ ಸರಿಹೋಗಲಿಕ್ಕಿಲ್ಲ ಎಂದರು. ಚನ್ನಬಸವ್ವನ ಬಲಗೈಯ ಮೂರು ಬೆರಳು ತೆಗೆದಿದ್ದರು. ವಾರ್ಡಿನ ಬಾಗಿಲಲ್ಲಿ ಒಬ್ಬ ಪೊಲೀಸಮ್ಮ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅನುಮತಿಯಿಲ್ಲದ ಮೊದಲ ಪ್ರತಿ ಮಾಡಿದವರೇ ಮುಂದಿನ ಎಲ್ಲ ಅನಾಹುತಕ್ಕೆ ಹೊಣೆ ಎಂದು ಕಾಯ್ದೆ ಹೇಳುತ್ತಿತ್ತು. ಮಧ್ಯಾಹ್ನ ಕಸ್ತೂರಿಯನ್ನು ಕರೆದೊಯ್ಯುವವರಿದ್ದರು.

ಸವಣೂರರ ಫೋನು ಬಂತು. “ಫೋನು ಗುಡ್ಡಿ ಹಾಕಿ ಇಟ್ಟಿದ್ದಕ್ಕ ಹಿಂಗಾತು ಅಂತ ಹೇಳಿಕೆ ಕೊಟ್ಟೇವಿ. ಗುಡ್ಡಿ ಹಾಕಿದವರು ಯಾರು ಅಂತ ಬರದಿಲ್ಲ. ನಿಮ್ಮ ಹೆಸರು ಹೊರಗ ಬರಂಗಿಲ್ಲ. ಎಂಟು ದಿನ ರಜಾ ತಗೊಂಡು ಮನ್ಯಾಗ ಇರ್ರಿ.”

ಕಸ್ತೂರಿಗೆ ಆಗ ಇಪ್ಪತ್ತೆರಡು ವರ್ಷ. ಕಾಯ್ದೆಯ ಪ್ರಕಾರ ಏಳು ವರ್ಷ ಜೈಲು. ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಕೂತ ಮಹಾನಂದಾ ತನ್ನ ಫೋನಿನಲ್ಲಿ ಹಳೆಯ ವರದಿಯನ್ನು ಹುಡುಕಿದಳು. ತೆಗೆದುಹಾಕಿದ ಪುಟ, ಹಂದಿ ಮಾಂಸದ ವಿಡಿಯೋ, ಕೆಳಗೆ ತನ್ನ ಸಹಿ, ಎಲ್ಲ ಕೇಂದ್ರದ ಕಡತದಲ್ಲಿ ಹಾಗೇ ಇತ್ತು. ಕೇಂದ್ರದ ಕಡತ ತೆರೆದಿರಬೇಕಾದರೆ ನೌಕರರ ಹೆಬ್ಬೆರಳು ಗಾಜಿನ ಮೇಲೆ ಇರಬೇಕು, ತೆಗೆದರೆ ಮುಚ್ಚುತ್ತದೆ. ಹೊರಗೆ ಕಳಿಸಿದರೆ ಆ ಫೋನಿಗೆ ಯಾರ ಒಪ್ಪಿಗೆಯೂ ಇಲ್ಲದೆ ತಕ್ಷಣ ಬರೆ. ಅದಕ್ಕೆ ಯಾವ ಪಟ್ಟಿಯ ವಿನಾಯಿತಿಯೂ ಇಲ್ಲ. ಹೊರಗೆ ಹೋದ ಪ್ರತಿ ಇರುವ ಫೋನುಗಳನ್ನು ಕೇಂದ್ರ ಹುಡುಕಿ ಸುಡಲು ಮಾತ್ರ ಹತ್ತು ನಿಮಿಷ ಹಿಡಿಯುತ್ತದೆ. ಇಷ್ಟು ದೊಡ್ಡ ಕಡತ ಹೋಗಲು ಹತ್ತು ಸೆಕೆಂಡಾದರೂ ಬೇಕು, ತಣ್ಣಗಿಡದಿದ್ದರೆ ಮೆಮೊರಿ ಮೂರರಲ್ಲಿ ಸಾಯುತ್ತದೆ.

ಶಾಖದ ವಿಷಯದಲ್ಲಿ ಅವಳಿಗಿಂತ ಹೆಚ್ಚು ತಿಳಿದವರು ಆ ಊರಲ್ಲಿ ಯಾರೂ ಇರಲಿಲ್ಲ. ಕೆಳಗಿನ ಹಣ್ಣಿನ ರಸದ ಅಂಗಡಿಯಿಂದ ಒಂದು ಸ್ಟೀಲ್ ಬೋಗುಣಿ ತುಂಬ ಐಸ್ ತಂದಳು. ವಾರ್ಡಿನ ಬಾಗಿಲಿಗೆ ಬಂದು ನಿಂತಳು. ಒಳಗೆ ಶಿವಲೀಲಾ, ಚನ್ನಬಸವ್ವ, ಕಸ್ತೂರಿ ಮೂವರೂ ಅವಳನ್ನು ನೋಡಿದರು. ಈ ಸಲ ಅವಳು ಸುಳ್ಳು ಹೇಳಲಿಲ್ಲ.

“ಶಿವಲೀಲಾ, ನಿನ್ನ ಫೋನಿಗೆ ಒಂದು ಕಾಗದ ಕಳಸ್ತೀನಿ. ಬಂದ ಹತ್ತು ನಿಮಿಷಕ್ಕ ಆ ಫೋನಿಗೂ ಬರಿ ಬೀಳ್ತೈತಿ. ಕೈಯಾಗ ಹಿಡೀಬ್ಯಾಡ್ರಿ. ಮುಂದ ಕಳಸಿದ್ರ ಕಳಸಿದವರಿಗೂ ಬೀಳ್ತೈತಿ. ಬ್ಯಾಡಂದ್ರ ಈಗ ಹೇಳ್ರಿ.”

ಯಾರೂ ಬೇಡ ಎನ್ನಲಿಲ್ಲ. ಬೇಕು ಎಂದೂ ಅನ್ನಲಿಲ್ಲ. ಅವಳು ನೆಲದ ಮೇಲೆ ಕೂತು, ಫೋನಿನ ಬೆನ್ನನ್ನು ಐಸಿನಲ್ಲಿ ಹುಗಿದು, ಹೆಬ್ಬೆರಳೊತ್ತಿ ಕಳಿಸಿದಳು. ಎರಡನೆಯ ಸೆಕೆಂಡಿಗೆ ಗಾಜು ಕಾಯಿತು. ಬೆನ್ನಿಗೆ ಐಸಿನ ಆಸರೆ ಇತ್ತು, ಬೆರಳಿಗೆ ಇರಲಿಲ್ಲ. ನಾಲ್ಕನೆಯದಕ್ಕೆ ಚರ್ಮ ಬಿಳಿಚಿ ಗುಳ್ಳೆಯೆದ್ದು ಒಡೆಯಿತು. ಬೋಗುಣಿಯ ನೀರು ಕೊತಕೊತ ಎಂದಿತು. ಮುರಿದ ಹಲ್ಲಿನ ಬಾಯಿಗೆ ಸೆರಗು ತುರುಕಿಕೊಂಡು, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿಹಿಡಿದಳು. ಒಂಬತ್ತು. ಹತ್ತು. ಹನ್ನೊಂದಕ್ಕೆ ಪರದೆ ಕಪ್ಪಾಯಿತು. ಬೆರಳನ್ನು ಎತ್ತಿದರೆ ಅರ್ಧ ಮಾತ್ರ ಬಂತು.

ಒಳಗೆ ಶಿವಲೀಲಾಳ ಫೋನು ಮಿಡಿಯಿತು. ಕಸ್ತೂರಿ ಹಾಸಿಗೆಯ ಪಕ್ಕ ನಿಂತು ಓದತೊಡಗಿದಳು. ಲೋಕಲ್ ಬ್ಯಾಟರಿಯ ಮಾತು, ಮಾಂಸದೊಳಗೆ ಎರಡು ಬೆರಳು ಆಳದ ಮಾತು, ರಾಶಿ ಬಿದ್ದರೆ ಹತ್ತುವ ಬೆಂಕಿಯ ಮಾತು. ಪೊಲೀಸಮ್ಮನೂ ಎದ್ದು ಬಂದು ಕೇಳಿಸಿಕೊಂಡಳು.

“ಕೆಳಗ ಸಹಿ ಯಾರದೈತಿ?” ಚನ್ನಬಸವ್ವ ಕೇಳಿದಳು.

“ಅಕ್ಕಾರದು.”

ಬ್ಯಾಂಡೇಜ್ ಸುತ್ತಿದ ಎರಡೂ ಕೈಗಳನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದ ಚನ್ನಬಸವ್ವ ಬಾಗಿಲಿನ ಕಡೆ ನೋಡಿದಳು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ, ಮಹಾನಂದಾ ಅದನ್ನು ಕೇಳುವ ಹಾಗೂ ಇರಲಿಲ್ಲ. ಆಮೇಲೆ ಮಗಳು ಕಸ್ತೂರಿಯ ಕಡೆ ತಿರುಗಿದಳು.

“ಎಷ್ಟು ನಿಮಿಷ ಅದಾವ?”

“ಏಳು, ಎಂಟು ಇರಬಹುದು ಯವ್ವಾ.”

“ವಿಡಿಯೋ ಯಾರ್ಯಾರಿಗೆ ಹೋಗಿತ್ತೋ ಆ ಎಲ್ಲಾ ಮನ್ಯಾಗ ಸುಡದ ಉಳಿದ ಫೋನಿಗೆ ಇದು ಹೋಗಬೇಕು. ಮೊದಲು ಅವರಿಗೆ ತಿಳಿಸು, ಯಾರೂ ಕೈಯಾಗ ಹಿಡೀಬ್ಯಾಡ್ರಿ ಅಂತ. ಫೋನು ನೆಲದ ಮ್ಯಾಲ ಇಟ್ಟು ಕಳಸು.”